ಫ್ರಾಂಕ್ಲಿನ್ ರೂಸ್‌ವೆಲ್ಟರೂ ಅವರ ಅಂಚೆಚೀಟಿಗಳೂ

ಅಂಚೆಚೀಟಿಗಳನ್ನು ಕೂಡಿಹಾಕುವುದು ಕೆಲಸವಿಲ್ಲದವರ ಕಾಲಹರಣವೆಂದು ಹಿರಿಯರಲ್ಲಿ ಕೆಲವರ ಅಭಿಪ್ರಾಯ. ಅಂಥವರಿಗೆ ಫ್ರಾಂಕ್ಲಿನ್ ಡಿಲಾನೊ ರೂಸ್‌ವೆಲ್ಟರ ಚರಿತ್ರೆಯನ್ನು ಓದಲು ಕೊಡಬೇಕು. ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ನಾಲ್ಕು ಸಲ ಅಧ್ಯಕ್ಷರಾಗಿ ಚುನಾಯಿತರಾದವರು ಅವರೊಬ್ಬರೇ. ಕೆಲಸವಿಲ್ಲದವರೆಂಬ ಮಾತು ಅವರಿಗೆ ಸಲ್ಲದು.

ರೂಸ್‌ವೆಲ್ಟರು 1882ನೆಯ ಇಸವಿ ಜನವರಿ 30ರಂದು ನ್ಯೂಯಾರ್ಕ್ ಸಂಸ್ಥಾನದ ಹೈಡ್ ಪಾರ್ಕ್ ಎಂಬಲ್ಲಿ ಸಿರಿವಂತರ ಮನೆಯಲ್ಲಿ ಜನಿಸಿದರು. ಅವರ ತಾಯಿ ಸಾರಾ. ಆಕೆಯ ತಂದೆಯು ಚೀನಾ ದೇಶದೊಡನೆ ವ್ಯಾಪಾರ ಮಾಡುತ್ತಿದ್ದುದರಿಂದ ಆಕೆ ಬಾಲ್ಯದಲ್ಲಿ ಕೆಲಕಾಲ ಹಾಂಗ್‌ಕಾಂಗಿನಲ್ಲಿದ್ದಳು. ಸ್ಟಾಂಪುಗಳ ಹವ್ಯಾಸವು ಮೊದಲು ಆಕೆಯದೇ. ಆ ಸಂಗ್ರಹವು ಆಕೆಯ ತಮ್ಮ ಫ್ರೆಡರಿಕನ ಕೈಸೇರಿ, ಅವನಿಂದ ಸೋದರಳಿಯ ಫ್ರಾಂಕ್ಲಿನನಿಗೆ ಬಂದಿತು. ಹುಡುಗನು ಅದನ್ನು ಬೆಳೆಯಿಸತೊಡಗಿದನು. ಮುಂದೆ ಹಾರ್ವರ್ಡಿನಲ್ಲಿ ವಿದ್ಯಾಭ್ಯಾಸ, ನೌಕಾ ಇಲಾಖೆಯಲ್ಲಿ ಉನ್ನತಾಧಿಕಾರ, 1920ರಲ್ಲಿ ಉಪಾಧ್ಯಕ್ಷ ಪದವಿಗೆ ಸ್ಪರ್ಧೆ ಮತ್ತು ಸೋಲು. ಇವೆಲ್ಲ ಚರಿತ್ರೆಯ ಪುಸ್ತಕಗಳಲ್ಲಿ ಸಿಕ್ಕುತ್ತವೆ.

1921ನೆಯ ಆಗಸ್ಟಿನಲ್ಲಿ ದೊಡ್ಡ ವಿಪತ್ತು ಬಂದೊದಗಿತು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಪೋಲಿಯೋ ರೋಗವು ತಗುಲಿ ಅವರ ಎರಡು ಕಾಲುಗಳೂ ಶಕ್ತಿಗುಂದಿದವು. ಉಕ್ಕಿನ ಪಟ್ಟಿಗಳ ಆಧಾರವಿಲ್ಲದೆ ಎದ್ದು ನಿಲ್ಲುವುದೂ ಆಗದಂತಾಯಿತು. ಹಾಸಿಗೆ ಹಿಡಿದ ಆ ದೀರ್ಘಕಾಲದಲ್ಲಿ ಅವರ ಪಕ್ಕದಲ್ಲಿ ಆಲ್ಬಮ್ಮುಗಳಿದ್ದವು. ನಡೆಯಲಾರದವರು ಚೀಟಿಗಳ ಬೆನ್ನುಹತ್ತಿ ಭೂಮಂಡಲವನ್ನೆಲ್ಲ ಸುತ್ತಿದರು. ಬಳಿಕ ಪ್ರವಾಸ ಹೊರಟಾಗಲೆಲ್ಲ ಸ್ಟಾಂಪುಗಳ ಪೆಟ್ಟಿಗೆಯೂ ಅವರ ಸಂಗಡ ಹೊರಡುತ್ತಿತ್ತು.

1933ನೆಯ ಮಾರ್ಚ್ 4ರಂದು ಅವರು ಅಧ್ಯಕ್ಷರಾದರು. ಬ್ಯಾಂಕುಗಳು ಮುಚ್ಚಿ ಲಕ್ಷಾಂತರ ಜನರು ನಿರುದ್ಯೋಗಿಗಳಾಗಿದ್ದ ಕಾಲ ಅದು. ಅಂಥ ಹೊಣೆಯ ನಡುವೆಯೂ ಹೊಸ ಸ್ಟಾಂಪುಗಳ ನಕ್ಷೆಗಳು ಅವರ ಮೇಜಿಗೆ ಬರುತ್ತಿದ್ದವು. ಅವರ ಆಳಿಕೆಯಲ್ಲಿ ಅವರ ಒಪ್ಪಿಗೆ ಪಡೆದ ಸ್ಟಾಂಪುಗಳು ಇನ್ನೂರಕ್ಕೂ ಹೆಚ್ಚು. ಕೆಲವಕ್ಕೆ ಅವರೇ ಪೆನ್ಸಿಲಿನಿಂದ ಕರಡು ಬರೆದುಕೊಟ್ಟರು. 1934ರ ತಾಯಂದಿರ ದಿನದ ಸ್ಟಾಂಪು ಅಂಥದು. ವಿಸ್ಲರ್ ಎಂಬ ಕಲಾವಿದನು ಬರೆದ ತನ್ನ ತಾಯಿಯ ಚಿತ್ರವು ಅದರಲ್ಲಿದೆ. ಅಚ್ಚಿಗೆ ಸಿದ್ಧಪಡಿಸಿದವರು ಮೂಲದಲ್ಲಿಲ್ಲದ ಹೂವಿನ ಕುಂಡವೊಂದನ್ನು ಮೂಲೆಯಲ್ಲಿ ಸೇರಿಸಿದರು, ಕಲಾವಿದರು ಸಿಟ್ಟಾದರು. ಅವರ ಸಿಟ್ಟು ನ್ಯಾಯವಾದುದೇ.

ಈ 3 ಸೆಂಟಿನ ಸ್ಟಾಂಪನ್ನೇ ತುಸು ನಿಧಾನಿಸಿ ನೋಡೋಣ. ಅಂಚಿನ ರಂಧ್ರಗಳನ್ನು ಎರಡು ಸೆಂಟಿಮೀಟರಿಗೆ ಎಷ್ಟೆಂದು ಎಣಿಸುವುದು ವಾಡಿಕೆ. ಉರುಳೆಯಂತ್ರದಲ್ಲಿ ಅಚ್ಚಾದ ಪ್ರತಿಯಲ್ಲಿ ಅಡ್ಡಕ್ಕೆ 11, ಉದ್ದಕ್ಕೆ ಹತ್ತೂವರೆ. ಚಪ್ಪಟೆ ಫಲಕದಿಂದ ಅಚ್ಚಾದ ಪ್ರತಿಯಲ್ಲಿ ನಾಲ್ಕು ಕಡೆಗೂ 11. ಚಿತ್ರ ಒಂದೇ, ಬೆಲೆ ಒಂದೇ, ಆದರೆ ಸಂಗ್ರಾಹಕನಿಗೆ ಅವು ಎರಡು. ರಂಧ್ರಗಳೇ ಇಲ್ಲದ ಮೂರನೆಯದೊಂದೂ ಉಂಟು. ಅದರ ಹಿಂದೆ ಒಂದು ಜಗಳವೇ ಇದೆ.

ಆಗಿನ ಅಂಚೆಯ ಮಂತ್ರಿ ಜೇಮ್ಸ್ ಫಾರ್ಲಿ. ಹೊಸ ಸ್ಟಾಂಪು ಅಚ್ಚಾದಾಗ, ರಂಧ್ರ ಕೊರೆಯುವ ಮತ್ತು ಅಂಟು ಬಳಿಯುವ ಮೊದಲೇ, ಕೆಲವು ಇಡೀ ಹಾಳೆಗಳನ್ನು ಆತನು ಮುಖಬೆಲೆ ತೆತ್ತು ಕೊಂಡು ಅಧ್ಯಕ್ಷರಿಗೂ ಕೆಲವು ಮಿತ್ರರಿಗೂ ಕಾಣಿಕೆಯಾಗಿ ಕೊಡುತ್ತಿದ್ದನು. ದುಡ್ಡು ಕೊಟ್ಟೇ ಕೊಂಡದ್ದು ನಿಜ. ಆದರೆ ಅಂಥ ಹಾಳೆಗಳು ಬೇರೆ ಯಾರಿಗೂ ದೊರೆಯುವಂತಿರಲಿಲ್ಲ. ಆದ್ದರಿಂದ ಕೆಲವು ಡಾಲರುಗಳ ಕಾಗದಕ್ಕೆ ಪೇಟೆಯಲ್ಲಿ ಸಾವಿರಾರು ಡಾಲರು ಬೆಲೆ ಬರುವಂತಿತ್ತು. ಹಾಳೆಯೊಂದು ಹೊರಗಿನವರ ಕೈಗೆ ಸಿಕ್ಕಿದೊಡನೆ ಗುಟ್ಟು ರಟ್ಟಾಯಿತು. ದೇಶದ ಸಂಗ್ರಾಹಕರೆಲ್ಲ ಕೂಗೆಬ್ಬಿಸಿದರು, ಶಾಸನಸಭೆಯಲ್ಲಿಯೂ ಪ್ರಶ್ನೆ ಎದ್ದಿತು. ಮೂರು ಸೆಂಟು ಹಿಡಿದು ಅಂಚೆಕಚೇರಿಯ ಕಿಟಕಿಗೆ ಹೋಗುವ ಹುಡುಗನಿಗೆ ಸಿಗದ ಸ್ಟಾಂಪು ಅಧ್ಯಕ್ಷನ ಆಲ್ಬಮ್ಮಿಗೆ ಹೇಗೆ ಬರಬಹುದು? ಸ್ವತಃ ಸಂಗ್ರಾಹಕರಾದ ರೂಸ್‌ವೆಲ್ಟರಿಗೆ ಇದು ಮೊದಲೇ ಹೊಳೆಯಬೇಕಿತ್ತೆಂದು ನಮಗನ್ನಿಸುತ್ತದೆ. ಕಡೆಗೆ 1935ನೆಯ ಮಾರ್ಚ್ 15ರಿಂದ ಅದೇ ಬಗೆಯ ಇಪ್ಪತ್ತು ಸ್ಟಾಂಪುಗಳನ್ನು ಮತ್ತೆ ಅಚ್ಚುಹಾಕಿ ಬೇಕೆಂದವರಿಗೆಲ್ಲ ಮುಖಬೆಲೆಗೇ ಮಾರಿದರು. ಹತ್ತು ರಾಷ್ಟ್ರೀಯ ಉದ್ಯಾನಗಳ 1934ರ ಮಾಲೆಯೂ ಇದರಲ್ಲಿ ಸೇರಿತ್ತು. ಇವುಗಳ ಬೆನ್ನಿಗೆ ಅಂಟಿರಲಿಲ್ಲ. ಜನರು ಇವನ್ನು ಫಾರ್ಲಿಯ ಮೂರ್ಖತನಗಳೆಂದೇ ಕರೆದರು. ಆ ಹೆಸರು ಹಾಗೆಯೇ ನಿಂತಿತು.

1938ರಲ್ಲಿ ಅಧ್ಯಕ್ಷರ ಮಾಲೆ ಹೊರಟಿತು. ಮೊದಲನೆಯ ಅಧ್ಯಕ್ಷ ವಾಷಿಂಗ್ಟನರು 1 ಸೆಂಟಿನ ಮೇಲೆ, ಹದಿನಾರನೆಯವರಾದ ಲಿಂಕನರು 16ರ ಮೇಲೆ. ಹೀಗೆ 22ರವರೆಗೂ ಬೆಲೆಯೇ ಅಧ್ಯಕ್ಷರ ಕ್ರಮಸಂಖ್ಯೆ. ಪರೀಕ್ಷೆಗೆ ಓದುವ ಹುಡುಗರಿಗೆ ಇದಕ್ಕಿಂತ ಸುಲಭದ ಪಾಠವಿಲ್ಲ.

ಯುದ್ಧ ಬಂದಿತು. ಶತ್ರುಗಳು ಆಕ್ರಮಿಸಿದ ದೇಶಗಳ ಧ್ವಜಗಳನ್ನು ಸ್ಟಾಂಪಿನ ಮೇಲೆ ತರಬೇಕೆಂಬುದು ರೂಸ್‌ವೆಲ್ಟರ ಸೂಚನೆ. 1943ನೆಯ ಜೂನ್ 22ರಂದು ಪೋಲೆಂಡಿನಿಂದ ಆರಂಭವಾದ ಆ 5 ಸೆಂಟಿನ ಮಾಲೆ 1944ರಲ್ಲಿ ಕೊರಿಯದೊಂದಿಗೆ ಹದಿಮೂರಕ್ಕೆ ಮುಗಿಯಿತು. ಧ್ವಜದ ಎಡಕ್ಕೆ ಬೂದಿಯಿಂದೇಳುವ ಫೀನಿಕ್ಸ್ ಪಕ್ಷಿ, ಬಲಕ್ಕೆ ಸಂಕಲೆ ಹರಿಯುವ ಸ್ತ್ರೀ. ಹಲವು ಬಣ್ಣಗಳ ಅಚ್ಚು ಸರಕಾರಿ ಮುದ್ರಣಾಲಯಕ್ಕೆ ಸಾಧ್ಯವಾಗದೆ ಖಾಸಗಿ ಕಂಪೆನಿಯೊಂದಕ್ಕೆ ಕೆಲಸ ಹೋಯಿತು. ಆದುದರಿಂದ ಹಾಳೆಯ ಅಂಚಿನಲ್ಲಿ ಫಲಕದ ಸಂಖ್ಯೆಯ ಬದಲು ದೇಶದ ಹೆಸರಿದೆ. ಕೊರಿಯದ ಕೆಲವು ಪ್ರತಿಗಳಲ್ಲಿ ಫಲಕದ ದೋಷದಿಂದ ಆ ದೇಶದ ಹೆಸರು ಕೊರ್ಪ ಎಂದು ಓದುವಂತಾಗಿದೆ. ಆಗ ಪರಾಧೀನವಾಗಿದ್ದ ಭಾರತಕ್ಕೆ ಆ ಸಾಲಿನಲ್ಲಿ ಸ್ಥಾನವಿರಲಿಲ್ಲ. ನಮ್ಮನ್ನು ಆಳುತ್ತಿದ್ದವರು ಅಮೆರಿಕದ ಮಿತ್ರರು.

1945ನೆಯ ಏಪ್ರಿಲ್ 25ರಂದು ಸಾನ್‌ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ಸೇರುವುದಿತ್ತು. ಅದಕ್ಕೆಂದು ಸಿದ್ಧವಾದ ನೀಲಿ ಸ್ಟಾಂಪಿನ ಮೇಲೆ ಚಿತ್ರವಿಲ್ಲ. ಸಂಯುಕ್ತ ರಾಷ್ಟ್ರಗಳತ್ತ ಸಾಗುವ ಕೆಲವು ಶಬ್ದಗಳು, ದಿನಾಂಕ, ರೂಸ್‌ವೆಲ್ಟರ ಹೆಸರು, ಅಷ್ಟೇ. ಅದು ಹೊರಬಿದ್ದ ದಿನ ಅವರಿರಲಿಲ್ಲ. ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸಿನಲ್ಲಿ ಅವರು ತೀರಿಕೊಂಡಿದ್ದರು.

1946ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಸಂಗ್ರಹದ ಹರಾಜು ನಡೆಯಿತು. ಅದರಲ್ಲಿ ಬಹುಪಾಲು ಸಾಮಾನ್ಯ ಸ್ಟಾಂಪುಗಳೇ. ಆದರೂ ಎರಡು ಲಕ್ಷ ಡಾಲರಿಗೆ ಮೀರಿ ಹಣ ಬಂದಿತು. ಹಲವು ದೇಶಗಳು ಅವರ ನೆನಪಿಗೆ ಸ್ಟಾಂಪು ಹೊರಡಿಸಿದವು. ಮೊನಾಕೊ ದೇಶದ 1947ರ ಸ್ಟಾಂಪಿನಲ್ಲಿ ಅವರು ಆಲ್ಬಮ್ಮಿನ ಮುಂದೆ ಕುಳಿತಿದ್ದಾರೆ. ಕೆತ್ತಿದವನ ಅಜಾಗ್ರತೆಯಿಂದ ಅವರ ಎಡಗೈಗೆ ಆರು ಬೆರಳುಗಳಿರುವಂತೆ ಕಾಣುತ್ತದೆ. ಭೂತಗನ್ನಡಿ ಉಳ್ಳವರು ಎಣಿಸಿ ನೋಡಬಹುದು.