ನೀರ್ ಸಾಬ್ ಎಂದೇ ಹೆಸರಾದ ಅಬ್ದುಲ್ ನಜೀರ್ ಸಾಬ್

ಸಹಕಾರ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಪಂಚಾಯಿತಿ ಕಟ್ಟಿದವರ ಮಾತು ಯಾಕೆ ಅಂತ ಕೆಲವು ಸದಸ್ಯ ಬಾಂಧವರು ಕೇಳಬಹುದು. ಎರಡಕ್ಕೂ ಬುಡ ಒಂದೇ. ನಮ್ಮ ದುಡ್ಡಿಗೆ ನಾವೇ ಲೆಕ್ಕ ಇಡೋದು, ನಮ್ಮ ಕೆಲಸಕ್ಕೆ ನಾವೇ ತೀರ್ಮಾನ ಮಾಡೋದು. ಆದ್ದರಿಂದ ನಜೀರ್ ಸಾಬರನ್ನು ಇಲ್ಲಿ ನೆನೆಯುವುದು ಯೋಗ್ಯವೆಂದು ನಾವು ಭಾವಿಸುತ್ತೇವೆ.

ಅವರು ಗುಂಡ್ಲುಪೇಟೆಯವರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯ ಮಂತ್ರಿಯಾದರು. ಆ ದಶಕದಲ್ಲಿ ರಾಜ್ಯಕ್ಕೆ ಬರದ ಮೇಲೆ ಬರ. ಕಡೂರು ಸೀಮೆಯ ಬರ ನಮ್ಮ ಓದುಗರಿಗೆ ಹೇಳಬೇಕಾದ್ದೇನಲ್ಲ. ಭದ್ರಾ ಅಣೆಕಟ್ಟು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲೇ ಇದ್ದರೂ ಅಜ್ಜಂಪುರದ ಕಡೆ ಕೊಡಪಾನ ಹೊತ್ತು ಮೈಲಿಗಟ್ಟಲೆ ನಡೆದ ತಾಯಂದಿರು ಎಷ್ಟೋ ಜನ. ಅಂಥ ಕಾಲದಲ್ಲಿ ನಜೀರ್ ಸಾಬರು ಹಳ್ಳಿ ಹಳ್ಳಿಗೆ ಬೋರು ಕೊರೆಸಿ ಕೈಪಂಪು ಹಾಕಿಸಿದರು. ಜನ ಪ್ರೀತಿಯಿಂದ ನೀರ್ ಸಾಬ್ ಅಂದರು. ಆ ಹೆಸರು ಇವತ್ತಿಗೂ ಅಳಿದಿಲ್ಲ.

ಆದರೆ ಬೋರಿಗಿಂತ ದೊಡ್ಡ ಕೆಲಸ ಇನ್ನೊಂದಿದೆ, ಅದನ್ನು ಜನ ಕಡಿಮೆ ನೆನೆಯುತ್ತಾರೆ. ಅದಕ್ಕೂ ಮುಂಚೆ ಇದ್ದದ್ದು 1959ರ ಕಾಯ್ದೆಯ ಗ್ರಾಮ ಪಂಚಾಯಿತಿ ಮತ್ತು ತಾಲ್ಲೂಕು ಬೋರ್ಡು. ಕೈಯಲ್ಲಿ ಕಾಸಿಲ್ಲ, ಒಂದು ಮೋರಿ ಕಟ್ಟಬೇಕಾದರೂ ಮೇಲಿನವರ ಬಾಗಿಲು ಕಾಯಬೇಕು. ನಜೀರ್ ಸಾಬರು 1983ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯ್ದೆ ತಂದರು. ರಾಷ್ಟ್ರಪತಿಗಳ ಅಂಕಿತ ಬೀಳುವ ಹೊತ್ತಿಗೆ 1985 ಆಯಿತು. ತಮ್ಮ ಅಧಿಕಾರ ಹೋಗುತ್ತದೆಂದು ಮುನಿಸಿಕೊಂಡ ಶಾಸಕರು ಸ್ವಂತ ಪಕ್ಷದಲ್ಲೇ ಇದ್ದರು. ಆದರೂ ಅವರು ಹಿಂದೆ ಸರಿಯಲಿಲ್ಲ.

1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮಂಡಲಕ್ಕೊಬ್ಬ ಪ್ರಧಾನ, ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ಸ್ಥಾನಮಾನ. ಡೆಪ್ಯುಟಿ ಕಮೀಷನರ್‌ಗಿಂತ ಹಿರಿಯ ಅಧಿಕಾರಿ ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಚುನಾಯಿತರ ಕೈಕೆಳಗೆ ಕೂತರು. ಶಾಲೆ, ಆಸ್ಪತ್ರೆ, ಕುಡಿಯುವ ನೀರು, ರಸ್ತೆ ಎಲ್ಲಕ್ಕೂ ಜಿಲ್ಲೆಯ ಪಾಲಿನ ಹಣ ಬೇರೆಯಾಗಿ ಬಂತು. ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲು. ಇಡೀ ದೇಶಕ್ಕೆ ಮೂರನೇ ಒಂದು ಭಾಗದ ಮೀಸಲಾತಿ ಬಂದದ್ದು 1993ರಲ್ಲಿ, 73ನೇ ತಿದ್ದುಪಡಿಯಿಂದ. ನಮ್ಮ ರಾಜ್ಯ ಅದಕ್ಕೂ ಆರು ವರ್ಷ ಮುಂದಿತ್ತು ಅನ್ನೋದು ಹೆಮ್ಮೆಯ ಸಂಗತಿ. ಸೆರಗು ಹೊದ್ದು ಮೂಲೆಯಲ್ಲಿ ಕೂತಿರುತ್ತಾರೆ ಅಂತ ನಕ್ಕವರೂ ಇದ್ದರು. ಆದರೆ ನೀರಿನ ಮಾತು ಬಂದಾಗ ಕೊಡ ಹೊತ್ತವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಎಲ್ಲಿ ಗೊತ್ತು?

ವರ್ಷಕ್ಕೆರಡು ಸಲ ಗ್ರಾಮಸಭೆ ಕರೆದು ಜಮಾ ಖರ್ಚು ಊರ ಮುಂದೆ ಇಡಬೇಕೆಂದೂ ಕಾಯ್ದೆಯಲ್ಲಿತ್ತು. ಇಲ್ಲೇ ಕಷ್ಟ ಇದ್ದದ್ದು. ಅನುದಾನ ಬಂದರೆ ಎಲ್ಲರೂ ಬರ್ತಾರೆ, ಮನೆ ಕಂದಾಯ ಏರಿಸೋಣ ಅಂದರೆ ಸಭೆ ಖಾಲಿ. ನಲ್ಲಿಯಲ್ಲಿ ನೀರು ಬರಲಿಲ್ಲ ಅಂದರೆ ಗಲಾಟೆ, ನೀರಿನ ಬಾಕಿ ಕೇಳಿದರೆ ನಾಳೆ ಬಾ. ವೋಟು ಹಾಕಿದ ನೆಂಟರ ಮನೆ ಬಾಕಿ ಕೇಳಲು ಸದಸ್ಯರಿಗೂ ಸಂಕೋಚ. ನಮ್ಮ ಸಂಘದ ಸಾಲ ವಸೂಲಾತಿ ನೋಡಿದವರಿಗೆ ಇದು ಹೊಸದಲ್ಲ!

ನಜೀರ್ ಸಾಬರು ತಮ್ಮ ಬೆಳೆಯನ್ನು ಬಹಳ ದಿನ ನೋಡಲಿಲ್ಲ. 1988ರ ಅಕ್ಟೋಬರ್ 24ರಂದು ತೀರಿಕೊಂಡರು. 1992ರಲ್ಲಿ ಅವಧಿ ಮುಗಿದ ಮೇಲೆ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. ಇದು ಆಗಬಾರದಿತ್ತು ಎಂಬುದು ನಮ್ಮ ಅಭಿಪ್ರಾಯ. 1993ರ ಹೊಸ ಕಾಯ್ದೆಯಲ್ಲಿ ಮಂಡಲ ಹೋಗಿ ಈಗಿನ ಗ್ರಾಮ ಪಂಚಾಯಿತಿ ಬಂತು. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಕಡೆಯಿಂದ ಗೆದ್ದು ಹೋದವರು ಅಲ್ಲಿ ತರಬೇತಿಗೆ ಹೋಗಿ ಬಂದರೆ ಬಜೆಟ್ಟಿನ ಪುಸ್ತಕವನ್ನು ಸ್ವತಃ ಓದಿ ರುಜು ಹಾಕಬಹುದು.