ಅಮೀರಬಾಯಿ ಕರ್ನಾಟಕಿ

ಅಮೀರಬಾಯಿ ಕರ್ನಾಟಕಿ (ಸುಮಾರು 1906 – 1965) ಹಿಂದಿ ಚಲನಚಿತ್ರರಂಗದ ಆರಂಭಕಾಲದ ಪ್ರಸಿದ್ಧ ಹಿನ್ನೆಲೆ ಗಾಯಕಿ ಮತ್ತು ನಟಿ. ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದ ಇವರು 1940ರ ದಶಕದಲ್ಲಿ ಅಖಿಲ ಭಾರತ ಮಟ್ಟದ ಖ್ಯಾತಿ ಪಡೆದರು. 1943ರಲ್ಲಿ ತೆರೆಕಂಡ ಕಿಸ್ಮತ್ ಚಿತ್ರದ ಗೀತೆಗಳು ಇವರ ವೃತ್ತಿಜೀವನದ ಅತಿದೊಡ್ಡ ಯಶಸ್ಸು. ಹಿಂದಿಯಲ್ಲದೆ ಗುಜರಾತಿ ಚಿತ್ರಗೀತೆಗಳಿಂದಲೂ ಜನಪ್ರಿಯರಾದ ಇವರನ್ನು ಕನ್ನಡ ಕೋಗಿಲೆ ಎಂದು ಕರೆಯಲಾಗುತ್ತಿತ್ತು. ಊರಿನ ಹೆಸರಿಗೆ ಬದಲಾಗಿ ನಾಡಿನ ಹೆಸರನ್ನೇ ತಮ್ಮ ಹೆಸರಿನೊಂದಿಗೆ ಉಳಿಸಿಕೊಂಡದ್ದು ಇವರ ವೈಶಿಷ್ಟ್ಯ. ಆಗ ಕರ್ನಾಟಕ ಎಂಬ ಹೆಸರಿನ ರಾಜ್ಯ ಇನ್ನೂ ಅಸ್ತಿತ್ವಕ್ಕೆ ಬಂದಿರಲಿಲ್ಲ.

ಪ್ರಾದೇಶಿಕ ಹಿನ್ನೆಲೆ

ಅಮೀರಬಾಯಿಯವರು ಬೆಳೆದ ಕಾಲದಲ್ಲಿ ಬಿಜಾಪುರ ಜಿಲ್ಲೆಯು ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅದರ ಪೂರ್ವಕ್ಕಿದ್ದ ಅಫಜಲಪುರ, ಆಳಂದ ಮತ್ತು ಜೇವರ್ಗಿ ಸೀಮೆಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆಡಳಿತ ಬೇರೆಯಾಗಿದ್ದರೂ ಭೀಮಾ ತೀರದ ಈ ಇಡೀ ಪ್ರದೇಶದ ಹಾಡಿನ ಪರಂಪರೆ ಒಂದಕ್ಕೊಂದು ಹೆಣೆದುಕೊಂಡಿತ್ತು. ಕನ್ನಡ, ಉರ್ದು ಹಾಗೂ ಮರಾಠಿ ಭಾಷೆಗಳು ಇಲ್ಲಿನ ಜನರ ನಿತ್ಯದ ಬಳಕೆಯಲ್ಲಿದ್ದವು. ಕಲಬುರಗಿಯ ಖ್ವಾಜಾ ಬಂದೇನವಾಜ್ ಮತ್ತು ಆಳಂದದ ಲಾಡ್ಲೆ ಮಶಾಯಕ್ ದರ್ಗಾಗಳು, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ದತ್ತ ಕ್ಷೇತ್ರ, ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳು, ಅದೇ ಪರಂಪರೆಯ ಚೆನ್ನೂರು ಜಲಾಲಸಾಹೇಬರ ಪದಗಳು ಇದಕ್ಕೆ ನಿದರ್ಶನ. ಮತಭೇದವಿಲ್ಲದೆ ಹಾಡುವ ಮತ್ತು ಕೇಳುವ ರೂಢಿ ಈ ಭಾಗದಲ್ಲಿ ಹಳೆಯದು. ಕವ್ವಾಲಿಯಿಂದ ಹೆಸರು ಪಡೆದ ಗಾಯಕಿಯೊಬ್ಬರು ಮುಂದೆ ಕೃಷ್ಣಭಕ್ತಿಯ ಹಾಡುಗಳಿಂದ ಮನೆಮಾತಾದದ್ದನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬಹುದು.

ಬಿಜಾಪುರವು ಮುಂಬಯಿ ಪ್ರಾಂತ್ಯದ ಭಾಗವಾಗಿದ್ದುದರಿಂದ ಅಲ್ಲಿನ ಕಲಾವಿದರಿಗೆ ಮರಾಠಿ ರಂಗಭೂಮಿ, ಗ್ರಾಮಫೋನ್ ಕಂಪನಿಗಳು ಮತ್ತು ಚಲನಚಿತ್ರ ಸ್ಟುಡಿಯೋಗಳು ಸಹಜವಾಗಿಯೇ ಹತ್ತಿರವಾದವು.

ಆರಂಭಿಕ ಜೀವನ

ಅಮೀರಬಾಯಿಯವರು ಐವರು ಸಹೋದರಿಯರಲ್ಲಿ ಒಬ್ಬರು. ಇವರ ಅಕ್ಕ ಗೋಹರಬಾಯಿ ಕರ್ನಾಟಕಿಯವರೂ ಪ್ರಸಿದ್ಧ ಗಾಯಕಿ ಹಾಗೂ ನಟಿ. ಗೋಹರಬಾಯಿಯವರು ಮರಾಠಿ ರಂಗಭೂಮಿಯ ಮೇರು ನಟ ಬಾಲಗಂಧರ್ವರ ನಾಟಕ ಮಂಡಳಿಯನ್ನು ಸೇರಿ ಅವರ ಬಾಳಸಂಗಾತಿಯಾದರು. ಮೆಟ್ರಿಕ್ಯುಲೇಷನ್‌ವರೆಗೆ ಓದಿದ ಅಮೀರಬಾಯಿಯವರು ಹದಿಹರೆಯದಲ್ಲಿಯೇ ಮುಂಬಯಿಗೆ ತೆರಳಿದರು. ಇವರ ಕಂಠವನ್ನು ಮೆಚ್ಚಿದ ಎಚ್.ಎಂ.ವಿ. ಕಂಪನಿಯ ಪ್ರತಿನಿಧಿಯೊಬ್ಬರು ಇವರಿಂದ ಕವ್ವಾಲಿಯೊಂದನ್ನು ಹಾಡಿಸಿ ಧ್ವನಿಮುದ್ರಿಸಿದರು. ಅದು ಜನಪ್ರಿಯವಾಯಿತು. ಅಕ್ಕನ ನೆರವಿನಿಂದ 1934ರಲ್ಲಿ ವಿಷ್ಣುಭಕ್ತಿ ಎಂಬ ಚಿತ್ರದಲ್ಲಿ ನಟಿಸುವ ಅವಕಾಶ ದೊರೆಯಿತು.

ಆ ಕಾಲದಲ್ಲಿ ತೆರೆಯ ಮೇಲೆ ಕಾಣಿಸಿಕೊಳ್ಳುವವರೇ ಹಾಡಬೇಕಾಗಿತ್ತು. 1935ರ ಅನಂತರ ಹಿನ್ನೆಲೆ ಗಾಯನದ ಪದ್ಧತಿ ಕ್ರಮೇಣ ನೆಲೆಯೂರಿತು. ನಟಿಯಾಗಿ ಬಂದ ಅಮೀರಬಾಯಿಯವರಿಗೆ ಈ ಬದಲಾವಣೆಯು ಬೇರೊಂದು ದಾರಿಯನ್ನು ತೆರೆಯಿತು. ಆದರೂ ಮೊದಲ ಹಲವು ವರ್ಷ ಇವರಿಗೆ ದೊಡ್ಡ ಹೆಸರು ಬರಲಿಲ್ಲ. 1940ರಲ್ಲಿ ವಿಜಯ ಭಟ್ಟರ ನಿರ್ದೇಶನದ ನರಸಿ ಭಗತ್ ಚಿತ್ರಕ್ಕಾಗಿ, ಗಾಂಧೀಜಿಯವರಿಗೆ ಪ್ರಿಯವಾಗಿದ್ದ ನರಸಿ ಮೆಹ್ತಾರ ಭಜನೆಯನ್ನು ವಿಷ್ಣುಪಂತ ಪಾಗ್ನಿಸರೊಂದಿಗೆ ಹಾಡಿದರು. ಇದು ಇವರನ್ನು ಹೆಚ್ಚು ಕೇಳುಗರಿಗೆ ಪರಿಚಯಿಸಿತು.

ಕಿಸ್ಮತ್ ಗೀತೆಗಳು

ಬಾಂಬೆ ಟಾಕೀಸ್ ಸಂಸ್ಥೆಯು 1943ರಲ್ಲಿ ನಿರ್ಮಿಸಿದ ಕಿಸ್ಮತ್ ಚಿತ್ರವನ್ನು ಜ್ಞಾನ್ ಮುಖರ್ಜಿ ನಿರ್ದೇಶಿಸಿದರು. ಅಶೋಕ್ ಕುಮಾರ್ ಮತ್ತು ಮುಮ್ತಾಜ್ ಶಾಂತಿ ಮುಖ್ಯ ಪಾತ್ರಗಳಲ್ಲಿದ್ದರು. ಕವಿ ಪ್ರದೀಪರ ಗೀತೆಗಳಿಗೆ ಅನಿಲ್ ಬಿಸ್ವಾಸ್ ಸಂಗೀತ ನೀಡಿದರು. ಮುಮ್ತಾಜ್ ಶಾಂತಿಯವರು ವಹಿಸಿದ್ದ, ಕಾಲಿನ ಊನವುಳ್ಳ ರಂಗಕಲಾವಿದೆಯ ಪಾತ್ರಕ್ಕೆ ಅಮೀರಬಾಯಿಯವರು ಕಂಠದಾನ ಮಾಡಿದರು. ಚಿತ್ರದ ಬಹುಪಾಲು ಹಾಡುಗಳಲ್ಲಿ ಇವರ ಧ್ವನಿಯಿದೆ. ಇನ್ನೊಂದು ಪ್ರಸಿದ್ಧ ಗೀತೆಯನ್ನು ಅನಿಲ್ ಬಿಸ್ವಾಸರ ಸಹೋದರಿ ಪಾರುಲ್ ಘೋಷ್ ಹಾಡಿದ್ದಾರೆ.

ಇಂದಿನ ಅರ್ಥದ ಆಲ್ಬಂ ಆಗ ಇರಲಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯ ಒಂದೊಂದು ಬದಿಯಲ್ಲಿ ಸುಮಾರು 3 ನಿಮಿಷಗಳ ಹಾಡು ಮಾತ್ರ ಹಿಡಿಸುತ್ತಿತ್ತು. ಒಂದೇ ಚಿತ್ರದ ಹಾಡುಗಳು ಬಿಡಿ ಬಿಡಿ ತಟ್ಟೆಗಳಾಗಿ ಮಾರಾಟವಾಗುತ್ತಿದ್ದವು. ಹೀಗೆ ಹೊರಬಂದ ಕಿಸ್ಮತ್ ಗೀತೆಗಳು ದೇಶದಾದ್ಯಂತ ಜನಪ್ರಿಯವಾದವು. ಚಿತ್ರವು ಕೋಲ್ಕತ್ತದ ರಾಕ್ಸಿ ಚಿತ್ರಮಂದಿರವೊಂದರಲ್ಲಿಯೇ 3 ವರ್ಷಗಳಿಗೂ ಹೆಚ್ಚು ಕಾಲ ಪ್ರದರ್ಶನಗೊಂಡಿತು.

ಭಾರತ ಬಿಟ್ಟು ತೊಲಗಿ ಚಳವಳಿಯ ಮರುವರ್ಷವೇ ಬಂದ ಈ ಚಿತ್ರದಲ್ಲಿ, ಪರರಾಷ್ಟ್ರದವರನ್ನು ದೇಶದಿಂದ ದೂರ ಸರಿಯುವಂತೆ ಎಚ್ಚರಿಸುವ ದೇಶಭಕ್ತಿಗೀತೆಯೊಂದಿತ್ತು. ಅದನ್ನು ಅಮೀರಬಾಯಿ ಮತ್ತು ಖಾನ್ ಮಸ್ತಾನಾ ತಂಡದೊಂದಿಗೆ ಹಾಡಿದರು. ಗೀತೆಯಲ್ಲಿ ಜರ್ಮನಿ ಹಾಗೂ ಜಪಾನ್ ದೇಶಗಳ ಹೆಸರಿದ್ದುದರಿಂದ ಅದು ಬ್ರಿಟಿಷರ ಶತ್ರುಗಳ ವಿರುದ್ಧದ ಹಾಡಿನಂತೆ ಕಾಣುತ್ತಿತ್ತು. ಆದರೆ ಅದರ ನಿಜವಾದ ಗುರಿ ಯಾರೆಂಬುದು ಪ್ರೇಕ್ಷಕರಿಗೆ ತಿಳಿದಿತ್ತು. ಚಳವಳಿಯ ನಾಯಕರು ಸೆರೆಯಲ್ಲಿದ್ದ ಆ ದಿನಗಳಲ್ಲಿ ಹಾಡು ಜನರ ಭಾವನೆಗೆ ದನಿಯಾಯಿತು.

ಇತರ ಪ್ರಮುಖ ಗೀತೆಗಳು

1944ರಲ್ಲಿ ನೌಷಾದ್ ಸಂಗೀತ ನಿರ್ದೇಶನದ ರತನ್ ಚಿತ್ರ ಬಿಡುಗಡೆಯಾಯಿತು. ಉತ್ತರ ಪ್ರದೇಶದ ಜನಪದ ಧಾಟಿಗಳ ಸೊಗಡನ್ನು ಚಿತ್ರಸಂಗೀತಕ್ಕೆ ತಂದ ಈ ಚಿತ್ರದ ಹಾಡುಗಳಲ್ಲಿ ಜೊಹ್ರಾಬಾಯಿ ಅಂಬಾಲೆವಾಲಿಯವರೊಂದಿಗೆ ಅಮೀರಬಾಯಿಯವರ ಪಾಲೂ ದೊಡ್ಡದು. ಅದೇ ವರ್ಷ ಖೇಮಚಂದ್ ಪ್ರಕಾಶ್ ಸಂಗೀತದ ಭರ್ತೃಹರಿ ಚಿತ್ರಕ್ಕಾಗಿ ಸುರೇಂದ್ರ ಅವರೊಂದಿಗೆ ಹಾಡಿದ ಯುಗಳಗೀತೆ ಬಹುಕಾಲ ಜನರ ನೆನಪಿನಲ್ಲಿ ಉಳಿಯಿತು. ಅರಸನು ಸನ್ಯಾಸಿಯಾಗಿ ರಾಣಿ ಪಿಂಗಳೆಯ ಬಳಿ ಭಿಕ್ಷೆ ಬೇಡುವ ಸಂದರ್ಭ ಅದರದು. 1946ರ ಗುಜರಾತಿ ಚಿತ್ರ ರಾಣಕದೇವಿಗಾಗಿ ಇವರು ಹಾಡಿದ, ಊರಿಗೆ ಒಮ್ಮೆ ಬಂದುಹೋಗೆಂದು ಕರೆಯುವ ಗ್ರಾಮೀಣ ಧಾಟಿಯ ಗೀತೆಯು ಗುಜರಾತಿನಲ್ಲಿ ಅಪಾರ ಖ್ಯಾತಿ ಪಡೆಯಿತು.

1948ರಲ್ಲಿ ಶಹನಾಜ್ ಚಿತ್ರಕ್ಕೆ ಇವರೇ ಸಂಗೀತ ನೀಡಿದರು. ಜದ್ದನಬಾಯಿ ಮತ್ತು ಸರಸ್ವತಿ ದೇವಿಯವರ ಬಳಿಕ ಈ ಕೆಲಸಕ್ಕೆ ಕೈಹಾಕಿದ ಕೆಲವೇ ಮಹಿಳೆಯರಲ್ಲಿ ಇವರೂ ಒಬ್ಬರು.

ವೈಯಕ್ತಿಕ ಜೀವನ

ಹೊರಗೆ ಕೀರ್ತಿ ಬೆಳೆಯುತ್ತಿದ್ದಾಗ ಅಮೀರಬಾಯಿಯವರ ಸಂಸಾರಜೀವನ ಸುಖಕರವಾಗಿರಲಿಲ್ಲ. ಖಳ ಪಾತ್ರಗಳಿಗೆ ಹೆಸರಾಗಿದ್ದ ನಟ ಹಿಮಾಲಯವಾಲಾ ಅವರೊಂದಿಗಿನ ಮೊದಲ ವಿವಾಹದಲ್ಲಿ ಇವರು ಹಿಂಸೆಯನ್ನು ಅನುಭವಿಸಿದರು. ವಕೀಲರ ನೆರವಿನಿಂದ ಆ ಬಂಧನದಿಂದ ಬಿಡುಗಡೆ ಪಡೆದರು. ಹಿಮಾಲಯವಾಲಾ ದೇಶವಿಭಜನೆಯ ಬಳಿಕ ಪಾಕಿಸ್ತಾನಕ್ಕೆ ತೆರಳಿದರು. ಸ್ವಂತ ದುಡಿಮೆಯುಳ್ಳ ಪ್ರಸಿದ್ಧ ಮಹಿಳೆಗೂ ವಿಚ್ಛೇದನ ಸುಲಭವಾಗಿರದಿದ್ದ ಕಾಲವದು. ಮುಂದೆ ಇವರು ಪಾರಸ್ ಪತ್ರಿಕೆಯ ಸಂಪಾದಕರಾಗಿದ್ದ ಬದ್ರಿ ಕಾಂಚವಾಲಾ ಅವರನ್ನು ವಿವಾಹವಾದರು.

ಕೊನೆಯ ವರ್ಷಗಳು

1940ರ ದಶಕದ ಕೊನೆಗೆ ಚಿತ್ರಸಂಗೀತದ ಅಭಿರುಚಿ ಬದಲಾಯಿತು. ರಂಗಭೂಮಿಯ ತುಂಬು ಕಂಠಕ್ಕೆ ಬದಲಾಗಿ, ಸುಧಾರಿಸಿದ ಮೈಕ್ರೋಫೋನಿಗೆ ಒಗ್ಗುವ ತೆಳುವಾದ, ನವಿರಾದ ಕಂಠಗಳಿಗೆ ಬೇಡಿಕೆ ಹೆಚ್ಚಿತು. 1949ರಲ್ಲಿ ಮಹಲ್ ಮತ್ತು ಬರಸಾತ್ ಚಿತ್ರಗಳ ಮೂಲಕ ಲತಾ ಮಂಗೇಶ್ಕರ್ ಮುಂಚೂಣಿಗೆ ಬಂದರು. ಅಮೀರಬಾಯಿ, ಜೊಹ್ರಾಬಾಯಿ ಮೊದಲಾದವರಿಗೆ ಅವಕಾಶಗಳು ಕಡಿಮೆಯಾದವು. ಅಮೀರಬಾಯಿಯವರು ಮತ್ತೆ ನಟನೆಯತ್ತ ಹೊರಳಿ ಪೋಷಕ ಪಾತ್ರಗಳನ್ನು ನಿರ್ವಹಿಸಿದರು. ಪಾರ್ಶ್ವವಾಯುವಿಗೆ ತುತ್ತಾದ ಇವರು 1965ರ ಮಾರ್ಚ್ ತಿಂಗಳಲ್ಲಿ ನಿಧನರಾದರು. ಇವರ ಅಂತ್ಯಸಂಸ್ಕಾರ ಬಿಜಾಪುರದಲ್ಲಿ ನಡೆಯಿತು.

ಸ್ಮರಣೆ

ವಿಜಯಪುರ ನಗರದ ಅಮೀರ್ ಟಾಕೀಸ್ ಚಿತ್ರಮಂದಿರವು ಇವರ ಹೆಸರನ್ನು ಉಳಿಸಿದೆ. ವಿಮರ್ಶಕ ರಹಮತ್ ತರೀಕೆರೆಯವರು ಇವರ ಜೀವನವನ್ನು ಕುರಿತು ಕನ್ನಡದಲ್ಲಿ ಕೃತಿಯೊಂದನ್ನು ರಚಿಸಿದ್ದಾರೆ. ಇವರ ಜನ್ಮಸ್ಥಳವಾದ ಬೀಳಗಿ 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ. ಕಿಸ್ಮತ್ ಚಿತ್ರದ ದೇಶಭಕ್ತಿಗೀತೆಯನ್ನು ಸ್ವಾತಂತ್ರ್ಯೋತ್ಸವದ ಸಂದರ್ಭಗಳಲ್ಲಿ ಇಂದಿಗೂ ಕೇಳಬಹುದು.