ಬಂಡೀಪುರದ ಹುಲಿಗಳಿಗೂ ರಾಜಸ್ಥಾನದ ಈ ಅಧಿಕಾರಿಗೂ ಏನು ನಂಟು? ‘ಟೈಗರ್ ಮ್ಯಾನ್’ ಕೈಲಾಶ್ ಸಾಂಖಲಾ ಬದುಕಿನ ಕಥೆ

ಬಂಡೀಪುರ ಸಫಾರಿಯಲ್ಲಿ ಹುಲಿ ಕಂಡರೆ ಸಾಕು, ವಿಡಿಯೊ ಕೆಲವೇ ನಿಮಿಷಗಳಲ್ಲಿ ವಾಟ್ಸ್‌ಆ್ಯಪ್ ತುಂಬ ಹರಿದಾಡುತ್ತದೆ. 2022ರ ಗಣತಿ ಪ್ರಕಾರ ಇಲ್ಲಿರುವ ಹುಲಿಗಳು 150. ಆದರೆ ಐವತ್ತು ವರ್ಷಗಳ ಹಿಂದೆ ಇದೇ ಕಾಡಿನಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ಬರೀ 12! ಈ ಬದಲಾವಣೆಗೆ ಬುನಾದಿ ಹಾಕಿದವರಲ್ಲಿ ಪ್ರಮುಖರು ಹುಲಿ ಯೋಜನೆಯ ಮೊದಲ ನಿರ್ದೇಶಕ ಕೈಲಾಶ್ ಸಾಂಖಲಾ.

ಮರುಭೂಮಿಯ ಊರಿನಿಂದ ಕಾಡಿಗೆ

ಸಾಂಖಲಾ ಹುಟ್ಟಿದ್ದು 1925ರ ಜನವರಿ 30ರಂದು, ಜೋಧಪುರದಲ್ಲಿ. 1953ರಲ್ಲಿ ಅರಣ್ಯ ಇಲಾಖೆ ಸೇರಿದ ಅವರು ಸರಿಸ್ಕಾ, ಭರತ್‌ಪುರ, ರಣಥಂಬೋರ್ ಕಾಡುಗಳನ್ನು ನೋಡಿಕೊಂಡರು. ಅದು ಶಿಕಾರಿಯ ಕಾಲ. ರಾಜಮನೆತನದವರು, ವಿದೇಶಿ ಪ್ರವಾಸಿಗರು ಹುಲಿ ಹೊಡೆಯುವುದು ತಪ್ಪೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. 1956ರಲ್ಲಿ ಸ್ವತಃ ಸಾಂಖಲಾ ಅವರೂ ಒಂದು ಹುಲಿಗೆ ಗುಂಡಿಟ್ಟಿದ್ದರು. ಆ ಸಾವು ಅವರನ್ನು ಬಹಳ ಕಾಡಿತು. ಮುಂದಿನ ಬದುಕನ್ನೆಲ್ಲ ಅವರು ಹುಲಿ ಉಳಿಸುವುದಕ್ಕೇ ಕೊಟ್ಟರು.

ಚರ್ಮದ ಅಂಗಡಿಗಳ ಬೆನ್ನುಹತ್ತಿ

1965ರಲ್ಲಿ ದೆಹಲಿ ಮೃಗಾಲಯದ ನಿರ್ದೇಶಕರಾದ ಮೇಲೆ ಸಾಂಖಲಾ ಅವರ ಕಣ್ಣಿಗೆ ಬಿದ್ದದ್ದು ರಾಜಧಾನಿಯ ಚರ್ಮದ ವ್ಯಾಪಾರ. ಹುಲಿ, ಚಿರತೆಗಳ ಚರ್ಮ ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿತ್ತು. ಅವರು ಅಂಗಡಿಯಿಂದ ಅಂಗಡಿಗೆ ಹೋಗಿ ಲೆಕ್ಕ ಹಾಕಿದರು, ಆ ಲೆಕ್ಕವನ್ನು ಜನರ ಮುಂದಿಟ್ಟರು. ಹುಲಿಗಳೆಲ್ಲ ಎಲ್ಲಿ ಹೋಗುತ್ತಿವೆ ಎಂಬ ಪ್ರಶ್ನೆಗೆ ಉತ್ತರ ಪೇಟೆಯಲ್ಲೇ ನೇತಾಡುತ್ತಿತ್ತು.

1969ರಲ್ಲಿ ದೆಹಲಿಯಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಮಹಾಸಭೆ ನಡೆಯಿತು. ಹುಲಿ ಅಳಿವಿನ ಅಂಚಿನಲ್ಲಿದೆ ಎಂಬ ಕೂಗು ಅಲ್ಲಿ ಜೋರಾಯಿತು. 1970ರಲ್ಲಿ ಹುಲಿ ಬೇಟೆಗೆ ನಿಷೇಧ ಬಿತ್ತು. 1972ರ ಗಣತಿಯಲ್ಲಿ ದೇಶದಲ್ಲಿ ಸಿಕ್ಕ ಹುಲಿಗಳು 1,827. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬಂತು. ಈ ಹೊತ್ತಿಗೆ ನೆಹರು ಫೆಲೋಶಿಪ್ ಪಡೆದ ಸಾಂಖಲಾ, ಹುಲಿಯ ಬದುಕಿನ ಅಧ್ಯಯನಕ್ಕಾಗಿ ದೇಶದ ಕಾಡುಗಳನ್ನು ಸುತ್ತುತ್ತಿದ್ದರು.

ಒಂಬತ್ತು ಕಾಡು, ಒಂದು ಯೋಜನೆ

ಇಂದಿರಾ ಗಾಂಧಿ ಪ್ರಧಾನಿಯಾಗಿದ್ದಾಗ, 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಶುರುವಾಯಿತು. ಅದರ ಹೊಣೆ ಸಾಂಖಲಾ ಅವರ ಹೆಗಲಿಗೆ ಬಂತು. ಆರಂಭದಲ್ಲಿ ಆಯ್ಕೆಯಾದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಮೈಸೂರು ಅರಸರ ಕಾಲದಲ್ಲೇ, 1931ರಲ್ಲಿ, ಇಲ್ಲಿ ಸಣ್ಣದೊಂದು ಅಭಯಾರಣ್ಯ ರೂಪುಗೊಂಡಿತ್ತು.

ಸಾಂಖಲಾ ಅವರ ಸೂತ್ರ ಸರಳ. ಹುಲಿಗೆ ಬೇಕಾದದ್ದು ಜಿಂಕೆ, ಕಡವೆ, ನೀರು ಮತ್ತು ನೆಮ್ಮದಿ. ಇಷ್ಟನ್ನು ಕೊಟ್ಟು ಮನುಷ್ಯ ದೂರ ಸರಿದರೆ ಸಾಕು, ಉಳಿದದ್ದನ್ನು ಹುಲಿಯೇ ನೋಡಿಕೊಳ್ಳುತ್ತದೆ. ಹಾಗಾಗಿ ಕಾಡಿನ ನಡುಭಾಗದಲ್ಲಿ ಮರ ಕಡಿಯುವುದು, ದನ ಮೇಯಿಸುವುದು ನಿಲ್ಲಬೇಕಿತ್ತು. ಸುತ್ತ ಬಫರ್ ವಲಯ ಇರಬೇಕಿತ್ತು. ಹುಲಿಗೆ ಮದ್ದು ಕೊಟ್ಟು ರೇಡಿಯೊ ಕಾಲರ್ ತೊಡಿಸುವುದೂ ಅವರಿಗೆ ಒಪ್ಪಿಗೆಯಿರಲಿಲ್ಲ.

ಆದರೆ ಇದಕ್ಕೆ ಬೆಲೆ ತೆತ್ತವರೂ ಇದ್ದಾರೆ. ರಣಥಂಬೋರ್‌ನಂಥ ಕಡೆ ಹಳ್ಳಿಗಳೇ ಎತ್ತಂಗಡಿಯಾದವು. ಕಾಡನ್ನೇ ನಂಬಿದ್ದವರ ಬದುಕಿನ ಪ್ರಶ್ನೆ ಇವತ್ತಿಗೂ ಮುಗಿದಿಲ್ಲ.

ಸರಿಸ್ಕಾ ಕಲಿಸಿದ ಪಾಠ

ಮುಂದೆ ರಾಜಸ್ಥಾನದ ಮುಖ್ಯ ವನ್ಯಜೀವಿ ವಾರ್ಡನ್ ಆಗಿಯೂ ಕೆಲಸ ಮಾಡಿದ ಸಾಂಖಲಾ, 1989ರಲ್ಲಿ ಟೈಗರ್ ಟ್ರಸ್ಟ್ ಕಟ್ಟಿದರು. 1992ರಲ್ಲಿ ಪದ್ಮಶ್ರೀ ಸಂದಿತು. 1994ರ ಆಗಸ್ಟ್ 15ರಂದು ಅವರು ತೀರಿಕೊಂಡರು.

ಅವರು ಹೋದ ಹತ್ತು ವರ್ಷಗಳಲ್ಲಿ ಕೆಟ್ಟ ಸುದ್ದಿ ಬಂದದ್ದು ಅವರೇ ನೋಡಿಕೊಂಡಿದ್ದ ಸರಿಸ್ಕಾದಿಂದ. ಕಳ್ಳಬೇಟೆಗೆ ಸಿಕ್ಕಿ ಅಲ್ಲಿ ಒಂದೂ ಹುಲಿ ಉಳಿದಿಲ್ಲ ಎಂಬುದು 2005ರಲ್ಲಿ ಖಚಿತವಾಯಿತು. ಹೆಜ್ಜೆಗುರುತು ನೋಡಿ ಹುಲಿ ಎಣಿಸುವ ಹಳೆಯ ಪದ್ಧತಿ ನಂಬುವಂಥದ್ದಲ್ಲ ಎಂಬುದೂ ಬಯಲಾಯಿತು. ಕ್ಯಾಮೆರಾ ಟ್ರ್ಯಾಪ್ ಬಳಸಿದ 2006ರ ಗಣತಿಯಲ್ಲಿ ದೇಶದ ಹುಲಿಗಳ ಅಂದಾಜು 1,411ಕ್ಕೆ ಇಳಿಯಿತು. ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತರು ಅದಕ್ಕೂ ಮೊದಲೇ ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸಿ, ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸುವ ಕೆಲಸ ಮಾಡಿ ತೋರಿಸಿದ್ದರು. ಸಾಂಖಲಾ ದೂರವಿಟ್ಟ ಉಪಕರಣಗಳೇ ಹುಲಿಯ ನಿಜವಾದ ಲೆಕ್ಕಕ್ಕೆ ನೆರವಾದವು.

ಆದರೆ ಬೇಟೆ ನಿಲ್ಲಿಸಿ, ಕಾಡನ್ನು ಕಾಡಾಗಿಯೇ ಬಿಡಬೇಕೆಂಬ ಅವರ ಮೂಲ ಮಾತು ಸುಳ್ಳಾಗಲಿಲ್ಲ. 2008ರಿಂದ ರಣಥಂಬೋರ್‌ನ ಹುಲಿಗಳನ್ನೇ ತಂದುಬಿಟ್ಟು ಸರಿಸ್ಕಾದಲ್ಲಿ ಮತ್ತೆ ಸಂತತಿ ಬೆಳೆಸಲಾಗಿದೆ. 563 ಹುಲಿಗಳೊಂದಿಗೆ ಕರ್ನಾಟಕ ಈಗ ದೇಶದಲ್ಲಿ ಎರಡನೇ ಸ್ಥಾನದಲ್ಲಿದೆ. ಹೆಚ್ಚಿದ ಹುಲಿಗಳು ಕಾಡಂಚಿನ ಹೊಲಗಳಿಗೂ ಬರುತ್ತಿವೆ. ಸಾಂಖಲಾ ಅವರ ಕಾಲದಲ್ಲಿ ಚಿಂತೆ ಇದ್ದದ್ದು ಹುಲಿ ಉಳಿಯುತ್ತದೆಯೇ ಎಂದು. ಉಳಿದ ಹುಲಿಯ ಜೊತೆ ಕಾಡಂಚಿನ ರೈತ ಬಾಳುವುದು ಹೇಗೆ ಎಂಬುದು ಈಗಿನ ಚಿಂತೆ.